ಪಿಸ್ತೂಲಿಗೆ ಕೊಡುವ ಗಮನ ಅದರ ಕವರಿಗೂ ಕೊಡಿ

ಮಾನ್ಯ ಸಂಪಾದಕರೇ,

ಪಿಸ್ತೂಲು, ರಿವಾಲ್ವರ್ ಅಂದರೆ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಎರಡೇ ಥರದ ಸುದ್ದಿ ಬರುತ್ತದೆ. ಕಂಟ್ರಿ ಪಿಸ್ತೂಲು ಸಿಕ್ಕಿಬಿದ್ದದ್ದು ಒಂದು, ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿದ್ದು ಇನ್ನೊಂದು. ಆದರೆ ಸರಿಯಾಗಿ ಲೈಸೆನ್ಸ್ ಮಾಡಿಸಿ, ದಿನವೂ ಸೊಂಟಕ್ಕೆ ರಿವಾಲ್ವರ್ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರೂ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಇದ್ದಾರೆ. ಬಂಗಾರದ ಅಂಗಡಿಯವರು, ಪೆಟ್ರೋಲ್ ಬಂಕಿನವರು, ಅಡತಿ ವ್ಯಾಪಾರಿಗಳು, ಊರಿಂದ ದೂರ ತೋಟದ ಮನೆಯಲ್ಲಿ ಇರುವವರು, ಮಿಲಿಟರಿಯಿಂದ ನಿವೃತ್ತರಾದವರು. ನಾನು ಅಥಣಿಯಲ್ಲಿ ಚರ್ಮದ ಕೆಲಸ ಮಾಡುವವನು. ಚಪ್ಪಲಿ ನಮ್ಮ ಮನೆತನದ ಕಸುಬು. ಅದರ ಜೊತೆ ಬೆಲ್ಟು, ಚೀಲ, ಮತ್ತೆ ಇಂಥವರಿಗೆ ಹೋಲ್‌ಸ್ಟರ್ ಹೊಲಿದು ಕೊಡುತ್ತೇನೆ. ನಮ್ಮ ಕಡೆ ಹೆಚ್ಚಿನವರು ಅದನ್ನು ಪಿಸ್ತೂಲ್ ಕವರ್ ಅಂತಲೇ ಕೇಳುತ್ತಾರೆ.

ಈ ಕವರಿನ ಬಗ್ಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಿವಾಲ್ವರ್ ಕೊಳ್ಳುವಾಗ ಲಕ್ಷದ ಮಾತು. ಲೈಸೆನ್ಸಿಗೆ ವರ್ಷಗಟ್ಟಲೆ ಓಡಾಟ. ಕಡೆಗೆ ಅದನ್ನು ಇಡುವುದು ಮಾತ್ರ ಸಂತೆಯಲ್ಲಿ ಸಿಗುವ ಮೆತ್ತನೆಯ ನೈಲಾನ್ ಚೀಲದಲ್ಲಿ. ಎರಡು ದಿನ ಸೊಂಟಕ್ಕೆ ಕಟ್ಟುತ್ತಾರೆ. ಚುಚ್ಚುತ್ತದೆ, ಜೋಲುತ್ತದೆ, ಬೆವರಿಗೆ ಅಂಟುತ್ತದೆ. ಮೂರನೇ ದಿನ ಅದು ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಹೋಗುತ್ತದೆ. ಇಲ್ಲವೇ ಗಲ್ಲಾಪೆಟ್ಟಿಗೆಗೆ, ಸ್ಕೂಟರ್ ಡಿಕ್ಕಿಗೆ, ದಿಂಬಿನ ಕೆಳಗೆ. ಕೆಲವರು ಪ್ಯಾಂಟಿನ ಜೇಬಿಗೇ ಹಾಕಿಕೊಳ್ಳುತ್ತಾರೆ, ಬೀಗದ ಕೈ ಜೊತೆ! ಕಳ್ಳರ ಕೈಗೆ ಸಿಗುವುದೂ, ಮನೆಯ ಮಕ್ಕಳ ಕೈಗೆ ಸಿಗುವುದೂ ಇಂಥ ಜಾಗಗಳಿಂದಲೇ ಅಲ್ವಾ? ಮೈಗೆ ಹಿತವಾಗಿ ಕೂರುವ ಕವರ್ ಇದ್ದರೆ ಅದು ಮೈಮೇಲೆ ಇರುತ್ತದೆ, ಮಾಲೀಕನ ಹತೋಟಿಯಲ್ಲಿ ಇರುತ್ತದೆ. ಹಿತವಾಗಿಲ್ಲದ ಕವರ್ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ, ಅದನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಅದಕ್ಕೇ ನಾನು ಆರಾಮ ಅನ್ನುವುದನ್ನು ಶೋಕಿ ಅಂತ ನೋಡುವುದಿಲ್ಲ, ಸುರಕ್ಷತೆಯ ಮೊದಲ ವಿಷಯ ಅಂತ ನೋಡುತ್ತೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಬರುವ ಕೆಲವು ಹುಡುಗರು ಹಿಡಿಕೆ ಅಂಗಿಯ ಹೊರಗೆ ಕಾಣುವ ಹಾಗೆ ಹೊಲಿದುಕೊಡಿ ಅನ್ನುತ್ತಾರೆ. ಜಾತ್ರೆಯಲ್ಲಿ, ಮದುವೆ ಮಂಟಪದಲ್ಲಿ ನಾಲ್ಕು ಜನ ನೋಡಬೇಕು ಅಂತ ಅವರ ಆಸೆ. ನಾನು ಹೊಲಿಯುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವುದಾದರೆ ಅದು ಮೈಗೆ ಕಟ್ಟಿಕೊಂಡ ಹೋಲ್‌ಸ್ಟರ್‌ನಲ್ಲಿ ಇರಬೇಕು, ಇಲ್ಲವೇ ಬೆನ್ನುಚೀಲದಂಥ ಚೀಲದಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವನ ಹತೋಟಿಯಲ್ಲಿ ಇರಬೇಕು. ಅಂದರೆ ಮರೆಯಾಗಿ ಒಯ್ಯುವುದು ನಮ್ಮಲ್ಲಿ ಇಷ್ಟ ಇದ್ದರೆ ಮಾಡುವ ಮಾತಲ್ಲ, ಕಾನೂನೇ ಹಾಗೆ ಇದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಸಂಭ್ರಮಕ್ಕೆ ಅಂತ ಬೇಕಾಬಿಟ್ಟಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದನ್ನೆಲ್ಲ ಹೇಳಿದರೆ ಎಷ್ಟೋ ಲೈಸೆನ್ಸ್‌ದಾರರು "ಹೌದಾ?" ಅಂತ ಕೇಳುತ್ತಾರೆ. ಅವರಿಗೆ ಯಾರೂ ಹೇಳಿಯೇ ಇಲ್ಲ.

ಈಗ ಕವರ್ ಆರಿಸುವ ವಿಷಯ. ಮೊದಲನೆಯದಾಗಿ, ಅದು ನಿಮ್ಮ ಬಂದೂಕಿನ ಅಳತೆಗೇ ಆಗಿರಬೇಕು. ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡಿ ಆನ್‌ಲೈನಿನಲ್ಲಿ ತರಿಸಿದವರು ನನ್ನ ಅಂಗಡಿಗೆ ಬರುತ್ತಾರೆ. ಅಲ್ಲಿ ತೋರಿಸುವುದು ಹೆಚ್ಚಾಗಿ ಗ್ಲಾಕ್‌ನಂಥ 9 ಎಂಎಂ ಪಿಸ್ತೂಲಿನ ಕವರು. 9 ಎಂಎಂ ಬೋರಿಗೆ, ಅಂದರೆ ನಳಿಗೆಯ ತೂತಿನ ಆ ಅಳತೆಗೆ, ನಮ್ಮಲ್ಲಿ ಸಾಮಾನ್ಯ ಜನರಿಗೆ ಲೈಸೆನ್ಸ್ ಸಿಗುವುದಿಲ್ಲ. ನಮ್ಮ ಕಡೆ ನಾನು ನೋಡುವುದು ಬಹುತೇಕ ಪಾಯಿಂಟ್ 32 ಬೋರಿನವು. ಕಾನ್ಪುರದ ಕಾರ್ಖಾನೆಯಲ್ಲಿ ಆದ ರಿವಾಲ್ವರ್ ಇರುತ್ತದೆ, ಅದೇ ಬೋರಿನ ಪಿಸ್ತೂಲು ಇರುತ್ತದೆ. ಬೋರು ಒಂದೇ ಆದರೂ ಆಕಾರ ಒಂದೇ ಅಲ್ಲ. ರಿವಾಲ್ವರಿಗೆ ಆರು ಗುಂಡಿನ ಸಿಲಿಂಡರ್ ಉಬ್ಬಿಕೊಂಡಿರುತ್ತದೆ. ಪಿಸ್ತೂಲು ಚಪ್ಪಟೆ. 2014ರಲ್ಲಿ ಹೆಂಗಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಾನ್ಪುರದಲ್ಲಿ ಮಾಡಿದ ನಿರ್ಭೀಕ್ ಅನ್ನುವ ರಿವಾಲ್ವರ್ ಸುಮಾರು 500 ಗ್ರಾಂ, ಹಳೆಯ ರಿವಾಲ್ವರ್ ಅದಕ್ಕಿಂತ ಭಾರ. "ಎಲ್ಲದಕ್ಕೂ ಆಗುತ್ತದೆ" ಅಂತ ಮಾರುವ ಕವರು ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ.

ನಾನು ಮಾಡುವ ರೀತಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯದು ಯಾವುದು ಅಂತ ಅದರಿಂದ ಗೊತ್ತಾಗುತ್ತದೆ. ಗಿರಾಕಿಯ ರಿವಾಲ್ವರನ್ನು ನಾನು ಇಟ್ಟುಕೊಳ್ಳುವುದಿಲ್ಲ, ನನಗೆ ಲೈಸೆನ್ಸ್ ಇಲ್ಲ. ಅಳತೆ ತೆಗೆಯುವಾಗ ಮಾಲೀಕರು ಎದುರಿಗೇ ಕೂತಿರಬೇಕು, ಒಳಗೆ ಗುಂಡಿಲ್ಲ ಅಂತ ತೆರೆದು ತೋರಿಸಿರಬೇಕು. ಆ ಅಳತೆಯಲ್ಲಿ ನಮ್ಮ ಬಡಿಗರಿಂದ ಸಾಗವಾನಿಯ ಅಚ್ಚು ಮಾಡಿಸಿಟ್ಟಿದ್ದೇನೆ, ಪಾಯಿಂಟ್ 32ರ ರಿವಾಲ್ವರಿನದು, ಪಿಸ್ತೂಲಿನದು. ಮುಂದಿನ ಕೆಲಸವೆಲ್ಲ ಆ ಅಚ್ಚಿನ ಮೇಲೆ.

ಚರ್ಮ ಸುಮಾರು ಮೂರು ಮಿಲಿಮೀಟರ್ ದಪ್ಪ ಇರಬೇಕು. ರಂಪಿಗೆಯಲ್ಲಿ ಕತ್ತರಿಸಿ, ದಬ್ಬಳದಲ್ಲಿ ಮೇಣ ಹಚ್ಚಿದ ದಾರ ಹಾಕಿ ಹೊಲಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುತ್ತೇನೆ. ಒದ್ದೆ ಇರುವಾಗಲೇ ಅಚ್ಚನ್ನು ಒಳಗೆ ತೂರಿಸಿ, ಎಲುಬಿನ ತುಂಡಿನಿಂದ ಮೂಲೆ ಮೂಲೆಗೂ ಒತ್ತುತ್ತೇನೆ. ಟ್ರಿಗರ್ ಸುತ್ತಿನ ಬಳೆ, ಸಿಲಿಂಡರಿನ ಉಬ್ಬು, ನಳಿಗೆಯ ಅಂಚು ಎಲ್ಲವೂ ಚರ್ಮದ ಮೇಲೆ ಮೂಡಬೇಕು. ಆಮೇಲೆ ನೆರಳಿನಲ್ಲಿ ಒಣಗಬೇಕು. ಅವಸರಕ್ಕೆ ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಒಣಗಿದ ಮೇಲೆ ಅದು ತನ್ನ ಆಕಾರ ತಾನೇ ಹಿಡಿದುಕೊಳ್ಳುತ್ತದೆ. ಗುಂಡಿ, ಪಟ್ಟಿ ಏನೂ ಇಲ್ಲದಿದ್ದರೂ ರಿವಾಲ್ವರ್ ಜಾರುವುದಿಲ್ಲ.

ಇದಕ್ಕೆ ಬೇಕಾದದ್ದು ಜಾಲಿ ತೊಗಟೆ, ಅಳಲೆಕಾಯಿಯಂಥದ್ದರಲ್ಲಿ ಹದ ಮಾಡಿದ ಚರ್ಮ. ನಮ್ಮ ಚಪ್ಪಲಿಗೆ ಬಳಸುವುದೂ ಅದನ್ನೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಂದರೆ ಈ ಚರ್ಮ ಗೊತ್ತಿರುವ ಕೈಗಳು ನಮ್ಮಲ್ಲೇ ಇವೆ. ಬಜಾರಿನ ಪರ್ಸು, ಜಾಕೆಟ್ಟಿಗೆ ಬರುವುದು ಹೆಚ್ಚಾಗಿ ಕ್ರೋಮ್ ಹಾಕಿ ಹದ ಮಾಡಿದ್ದು. ಅದು ಮೆತ್ತಗೆ, ನೋಡಲು ಚೆಂದ, ಆದರೆ ಒತ್ತಿದ ಆಕಾರ ಅದರಲ್ಲಿ ನಿಲ್ಲುವುದಿಲ್ಲ. ಅದರಲ್ಲಿ ಉಳಿದ ಉಪ್ಪಿನಂಶ ಕಬ್ಬಿಣಕ್ಕೆ ತುಕ್ಕು ತರುತ್ತದೆ. ಗುರುತಿಸುವುದು ಸುಲಭ. ಕತ್ತರಿಸಿದ ಅಂಚು ನೋಡಿ. ಒಳಗೂ ಹೊರಗೂ ಕಂದು ಬಣ್ಣ ಇದ್ದರೆ ಸರಿ. ನಡುವೆ ನೀಲಿ-ಬೂದು ಗೆರೆ ಕಂಡರೆ ಅದು ಕ್ರೋಮ್ ಚರ್ಮ, ಬೇಡ ಅನ್ನಿ.

ಕೈಡೆಕ್ಸ್ ಅಂತ ಗಟ್ಟಿ ಪ್ಲಾಸ್ಟಿಕ್ಕಿನ ಕವರೂ ಬಂದಿದೆ. ಚರ್ಮದವನು ಅಂತ ಅದನ್ನು ನಾನು ತೆಗಳುವುದಿಲ್ಲ. ಬೆವರು ಹೀರುವುದಿಲ್ಲ, ಬಾಯಿ ಮಡಚುವುದಿಲ್ಲ, ಬಂದೂಕು ಟಕ್ ಅಂತ ಕೂರುತ್ತದೆ. ಆದರೆ ಅಂಚು ಗಟ್ಟಿ, ತೆಳ್ಳಗಿನವರ ಎಲುಬಿಗೆ ಒತ್ತುತ್ತದೆ. ಮೈಗೆ ತಾಗುವ ಕಡೆ ಚರ್ಮ, ಹೊರಗಡೆ ಕೈಡೆಕ್ಸ್ ಇರುವುದೂ ಬರುತ್ತದೆ. ನಿಮ್ಮದೇ ಮಾಡೆಲ್ಲಿಗೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಎರಡು ಜಾಗ. ಒಂದು ಟ್ರಿಗರ್. ಅದು ಪೂರ್ತಿ ಮುಚ್ಚಿರಬೇಕು, ಮುಚ್ಚಿದ ಭಾಗ ಹೊರಗಿಂದ ಒತ್ತಿದರೂ ಬೆರಳು ತಾಗುವಷ್ಟು ಮೆತ್ತಗೆ ಇರಬಾರದು. ಇನ್ನೊಂದು ಕವರಿನ ಬಾಯಿ. ರಿವಾಲ್ವರ್ ಹೊರಗೆ ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಅದಕ್ಕೇ ನಾನು ಬಾಯಿಗೆ ಇನ್ನೊಂದು ಪದರ ಚರ್ಮ ಸೇರಿಸಿ ಹೊಲಿಯುತ್ತೇನೆ. ಹಳೆಯದಾಗಿ ಮೆತ್ತಗಾದ ಕವರಿನ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತದೆ. ಬಂದೂಕು ವಾಪಸ್ ತೂರಿಸುವಾಗ ಆ ಮಡಿಕೆಯೇ ಟ್ರಿಗರ್ ಒತ್ತಿ ಗುಂಡು ಹಾರಬಹುದು. ಜುಬ್ಬಾದ ಅಂಚು, ಜಾಕೆಟ್ಟಿನ ಲಾಡಿ ಸಿಕ್ಕಿಕೊಂಡರೂ ಹಾಗೇ. ತೆಗೆಯುವಾಗಿನ ಅವಸರ ಎಲ್ಲರಿಗೂ ಗೊತ್ತು. ಇಡುವಾಗಿನ ಅಪಾಯ ಗೊತ್ತಿಲ್ಲ. ಇಡುವಾಗ ಅಂಗಿ ಪೂರ್ತಿ ಪಕ್ಕಕ್ಕೆ ಸರಿಸಿ, ಕಣ್ಣಿನಿಂದ ನೋಡಿ, ಬೆರಳು ಟ್ರಿಗರಿನಿಂದ ದೂರ ಇಟ್ಟು ನಿಧಾನಕ್ಕೆ ಇಡಿ. ಇಡುವುದಕ್ಕೆ ಯಾವ ಅವಸರವೂ ಇಲ್ಲ. ಮನೆಗೆ ಬಂದಾಗ ಬಂದೂಕನ್ನು ಎಳೆದು ತೆಗೆಯುವ ಬದಲು ಕವರ್ ಸಮೇತ ಬಿಚ್ಚುವ ರೂಢಿ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಎಲ್ಲಿ ಕಟ್ಟಬೇಕು ಅನ್ನುವುದು ಮೈಕಟ್ಟಿನ ಮೇಲೆ, ಉಡುಪಿನ ಮೇಲೆ, ದಿನದ ಕೆಲಸದ ಮೇಲೆ ಹೋಗುತ್ತದೆ. ಬಲಗೈಯವರಿಗೆ ಬಲ ಸೊಂಟದ ಎಲುಬಿನ ಸ್ವಲ್ಪ ಹಿಂದೆ, ಹಿಡಿಕೆ ತುಸು ಮುಂದಕ್ಕೆ ವಾಲಿದ ಹಾಗೆ ಇದ್ದರೆ ಹೆಚ್ಚಿನವರಿಗೆ ಹಿತ. ಆ ವಾಲು ಇಲ್ಲದಿದ್ದರೆ ಹಿಡಿಕೆ ಅಂಗಿಯನ್ನು ಹಿಂದಕ್ಕೆ ಎತ್ತಿ ತೋರಿಸುತ್ತದೆ. ಹೊಟ್ಟೆಯ ಮುಂದೆ ಕಟ್ಟುವುದು ಈಗ ಹುಡುಗರಿಗೆ ಇಷ್ಟ. ಹೊಟ್ಟೆ ಇದ್ದವರಿಗೆ ಕೂತಾಗ ಒತ್ತುತ್ತದೆ, ಮತ್ತೆ ನಳಿಗೆ ತೊಡೆಯ ಕಡೆಗೇ ನೋಡುತ್ತಿರುತ್ತದೆ. ಒಳ್ಳೆಯ ತರಬೇತಿ ಇಲ್ಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಬೆನ್ನಿನ ನಡುವೆ ಬೇಡವೇ ಬೇಡ. ಬೈಕಿನಿಂದ ಹಿಂದಕ್ಕೆ ಬಿದ್ದರೆ ಬೆನ್ನುಮೂಳೆಗೇ ಕಬ್ಬಿಣ ತಾಗುತ್ತದೆ. ಕಂಕುಳಲ್ಲಿ ತೂಗುವ ಕವರು ಕಾರು ಓಡಿಸುವವರಿಗೆ ಆರಾಮ, ಆದರೆ ಮೇಲೊಂದು ಕೋಟು ಬೇಕು. ವಿಜಯಪುರದ ಬೇಸಿಗೆಯಲ್ಲಿ ಕೋಟು ಯಾರು ಹಾಕುತ್ತಾರೆ? ಅಡ್ಡಡ್ಡ ತೂಗುವ ಥರದ್ದಾದರೆ ನಳಿಗೆ ಹಿಂದೆ ನಿಂತವರ ಕಡೆಗೆ ತಿರುಗಿರುತ್ತದೆ ಅನ್ನುವುದೂ ನೆನಪಿರಲಿ.

ಪ್ಯಾಂಟಿನ ಒಳಗೆ ಇಡುವ ಕವರು ಚೆನ್ನಾಗಿ ಮರೆಯಾಗುತ್ತದೆ. ಪಿಸ್ತೂಲು ತೆಳ್ಳಗಿರುವುದರಿಂದ ಅದಕ್ಕೆ ಇದು ಒಗ್ಗುತ್ತದೆ. ಪ್ಯಾಂಟಿನ ಸೊಂಟ ಒಂದೂವರೆ, ಎರಡು ಇಂಚು ದೊಡ್ಡದಾಗಿ ಹೊಲಿಸಿ, ಇಲ್ಲದಿದ್ದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ರಿವಾಲ್ವರಿನ ಸಿಲಿಂಡರ್ ಒಳಗೆ ಒತ್ತುವುದರಿಂದ ಅದಕ್ಕೆ ಬೆಲ್ಟಿನ ಹೊರಗಿನ ಕವರು, ಮೇಲೆ ಸಡಿಲ ಅಂಗಿ. ಈ ವಿಷಯದಲ್ಲಿ ನಮ್ಮ ಉಡುಪು ನಮಗೆ ಅನುಕೂಲ. ನೆಹರು ಶರ್ಟು, ಜುಬ್ಬಾ ತೊಡೆಯವರೆಗೆ ಇಳಿಯುತ್ತದೆ, ಏನೂ ಕಾಣುವುದಿಲ್ಲ. ಧೋತರ ಉಡುವ ಹಿರಿಯರು ಮಾತ್ರ ಧೋತರದ ಗಂಟಿಗೇ ಸಿಗಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಧೋತರದ ಮೇಲೆ ಅಗಲದ ಬೆಲ್ಟು ಕಟ್ಟಿ, ಆ ಬೆಲ್ಟಿಗೆ ಕವರು ಪೋಣಿಸಿ.

ಬೆಲ್ಟಿನ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. "ನಿಮ್ಮ ಕವರು ಜೋಲುತ್ತದೆ" ಅಂತ ವಾಪಸ್ ಬರುವವರ ಸೊಂಟ ನೋಡುತ್ತೇನೆ. ಕಾಗದದಂಥ ಬೆಲ್ಟು ಇರುತ್ತದೆ. ಗುಂಡು ಸಮೇತ ಮುಕ್ಕಾಲು ಕಿಲೋ ಹತ್ತಿರದ ತೂಕ ಒಂದೇ ಕಡೆ ಎಳೆದರೆ ಆ ಬೆಲ್ಟು ಏನು ಮಾಡೀತು? ಕವರಿಗಿಂತ ಮೊದಲು ಒಂದೂವರೆ ಇಂಚು ಅಗಲದ, ಎರಡು ಪದರದ ಗಟ್ಟಿ ಬೆಲ್ಟು ತೆಗೆದುಕೊಳ್ಳಿ. ಕವರಿನ ಕುಣಿಕೆ ಬೆಲ್ಟಿನ ಅಗಲಕ್ಕೆ ಸರಿಯಾಗಿ ಬಿಗಿಯಾಗಿರಬೇಕು. ಬರೀ ಕ್ಲಿಪ್ಪಿನಿಂದ ಸಿಗಿಸುವ ಕವರು ಬಂದೂಕು ಎಳೆದಾಗ ಅದರ ಜೊತೆಗೇ ಕಿತ್ತು ಬರುವುದುಂಟು.

ಹೆಂಗಸರೂ ಬರುತ್ತಾರೆ. ಸೀರೆಗೆ ಬೆಲ್ಟು ಇಲ್ಲ, ಆದ್ದರಿಂದ ಹೆಗಲ ಚೀಲವೇ ದಾರಿ. ಅವರಿಗೆ ನಾನು ಚೀಲದೊಳಗೆ ಬೇರೆಯೇ ಅರೆ ಮಾಡಿ, ಅದರಲ್ಲಿ ಗಟ್ಟಿ ಕವರು ಹೊಲಿದು ಕೂರಿಸುತ್ತೇನೆ. ಆ ಅರೆಯಲ್ಲಿ ಬೇರೆ ಏನೂ ಇರಬಾರದು. ಬಾಚಣಿಗೆ, ಪೆನ್ನು, ಬೀಗದ ಕೈ ಯಾವುದೂ ಬೇಡ. ಚೀಲದ ಪಟ್ಟಿ ಅಡ್ಡ ಹಾಕಿಕೊಳ್ಳುವಂಥದ್ದಾಗಿರಲಿ. ಮದುವೆ ಮನೆಯಲ್ಲಿ ಕುರ್ಚಿಯ ಮೇಲೆ ಚೀಲ ಇಟ್ಟು ಅಕ್ಷತೆ ಹಾಕಲು ಹೋಗುವ ಅಭ್ಯಾಸ ಇದ್ದರೆ ರಿವಾಲ್ವರ್ ಮನೆಯಲ್ಲೇ ಬೀಗ ಹಾಕಿ ಇಟ್ಟು ಬನ್ನಿ.

ಕೊಳ್ಳುವ ಮೊದಲು ಪರೀಕ್ಷೆ ಮಾಡಿ. ಬಂದೂಕು ಖಾಲಿ ಮಾಡಿ, ಎರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳಿ. ಕವರಿನಲ್ಲಿ ಇಟ್ಟು, ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಅಲ್ಲಾಡಿಸಿ. ಬೀಳಬಾರದು. ಹಿಡಿಕೆಗೆ ಕೈ ಹಾಕಿದರೆ ಮೊದಲ ಸಲಕ್ಕೇ ಪೂರ್ತಿ ಹಿಡಿತ ಸಿಗಬೇಕು, ಚರ್ಮ ಬೆರಳಿಗೆ ಅಡ್ಡ ಬರಬಾರದು. ಆಮೇಲೆ ಖಾಲಿ ಬಂದೂಕಿನ ಜೊತೆಗೇ ಮನೆಯಲ್ಲಿ ಒಂದು ಮಧ್ಯಾಹ್ನ ಓಡಾಡಿ. ಕುರ್ಚಿಯ ಮೇಲೆ ಕೂರಿ, ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿ ಕೂರಿ. ನಮ್ಮ ಜನಕ್ಕೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಏಳಿ, ಕುಕ್ಕರಗಾಲಿನಲ್ಲಿ ಕೂತು ಏಳಿ. ವಿದೇಶದ ಕವರುಗಳು ಸೋಲುವುದು ಇಲ್ಲೇ. ಪಂಕ್ತಿಯಲ್ಲಿ ಕೂತಾಗ ಕವರಿನ ತುದಿ ನೆಲಕ್ಕೆ ಒತ್ತಿ ರಿವಾಲ್ವರ್ ಮೇಲಕ್ಕೆ ಏಳುತ್ತದೆ. ಹಾಗೆ ಎದ್ದರೆ ಕವರು ಸ್ವಲ್ಪ ಮೇಲಕ್ಕೆ ಕೂರುವಂತೆ ಹೊಲಿಸಬೇಕು.

ಬೆವರಿನ ಕಾಟಕ್ಕೆ, ಮೈ ಮತ್ತು ಕಬ್ಬಿಣದ ನಡುವೆ ಒಂದು ಎಲೆ ಚರ್ಮ ಮೇಲಕ್ಕೆ ಬಿಟ್ಟು ಹೊಲಿಸಿ. ಮೈಗೆ ಕಬ್ಬಿಣ ಉಜ್ಜುವುದೂ ತಪ್ಪುತ್ತದೆ, ತುಕ್ಕೂ ಕಡಿಮೆ. ಒಳಗೆ ಬನಿಯನ್ ಇರಲಿ. ಬಿಳಿ ಬಟ್ಟೆ ಹಾಕುವವರು ಕಪ್ಪು ಬಣ್ಣದ ಕವರು ಕೇಳಬೇಡಿ, ಬೆವರಿಗೆ ಬಣ್ಣ ಬಿಟ್ಟು ಜುಬ್ಬಾ ಹಾಳು. ಮತ್ತೆ ಚಪ್ಪಲಿಗೆ ಎಣ್ಣೆ ಹಚ್ಚಿ ಮೆತ್ತಗೆ ಮಾಡುವುದು ನಮ್ಮ ಕಡೆ ರೂಢಿ. ಚಪ್ಪಲಿಗೆ ಅದು ಸರಿ. ಕವರಿಗೆ ಕುಸುಬಿ ಎಣ್ಣೆ, ಔಡಲೆಣ್ಣೆ ಏನೂ ಹಚ್ಚಬೇಡಿ, ಗಟ್ಟಿತನವೇ ಅದರ ಜೀವ. ಮೇಲೆ ತೆಳುವಾಗಿ ಮೇಣ ಸಾಕು. ಬಂದೂಕನ್ನು ತಿಂಗಳುಗಟ್ಟಲೆ ಚರ್ಮದ ಕವರಿನಲ್ಲೇ ಬಿಡಬೇಡಿ. ಚರ್ಮ ತೇವ ಹಿಡಿದಿಡುತ್ತದೆ. ಒರೆಸಿ, ಬೇರೆಯಾಗಿ, ಬೀಗದ ಕಪಾಟಿನಲ್ಲಿ ಇಡಿ. ಚುನಾವಣೆ ಬಂದಾಗ ಬಂದೂಕು ಪೊಲೀಸ್ ಠಾಣೆಗೆ ಜಮಾ ಮಾಡಿಸಿದರೆ ಕವರು ಮನೆಯಲ್ಲೇ ಬಿದ್ದಿರುತ್ತದೆ. ವಾಪಸ್ ತಂದ ದಿನವೇ ಕಟ್ಟಿಕೊಂಡು ಹೊರಡಬೇಡಿ. ಖಾಲಿ ಬಂದೂಕು ಹಾಕಿ, ಬಾಯಿ, ಹೊಲಿಗೆ, ಬಿಗಿ ಎಲ್ಲ ಇನ್ನೊಮ್ಮೆ ನೋಡಿ.

ಇಷ್ಟನ್ನು ಒಬ್ಬ ಚರ್ಮದ ಕೆಲಸಗಾರ ಪತ್ರಿಕೆಗೆ ಬರೆದು ತಿಳಿಸುವ ಸ್ಥಿತಿ ಇರಬಾರದಿತ್ತು. 2016ರ ನಿಯಮಗಳಲ್ಲೇ ಬಂದೂಕು ಬಳಸುವ ತರಬೇತಿಯ ಮಾತಿದೆ. ಆ ತರಬೇತಿಯಲ್ಲಿ ಗುರಿ ಹಿಡಿಯುವುದು, ಬಿಚ್ಚಿ ಒರೆಸುವುದು ಕಲಿಸುತ್ತಾರೆ. ಅಲ್ಲೇ ಒಂದು ಗಂಟೆ ಕವರಿಗೆ ಕೊಡಲಿ. ಹೇಗೆ ಆರಿಸುವುದು, ಹೇಗೆ ಕಟ್ಟುವುದು, ಹೇಗೆ ವಾಪಸ್ ಇಡುವುದು, ಯಾಕೆ ಮುಚ್ಚಿರಬೇಕು ಅಂತ ಹೇಳಲಿ. ಲೈಸೆನ್ಸ್ ಕೊಡುವ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಯ ಅಧಿಕಾರಿಗಳಿಗೆ ನನ್ನ ವಿನಂತಿ ಇದು. ಲೈಸೆನ್ಸ್ ಪುಸ್ತಕದ ಜೊತೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಕೊಡಿ, ಅದರಲ್ಲಿ ಮುಚ್ಚಿ ಒಯ್ಯುವ ನಿಯಮ ದೊಡ್ಡ ಅಕ್ಷರದಲ್ಲಿ ಇರಲಿ. ನವೀಕರಣಕ್ಕೆ ಬಂದಾಗ ಬಂದೂಕು ನೋಡುವ ಹಾಗೆ ಕವರನ್ನೂ ನೋಡಿ. ಬಾಯಿ ಮಡಚಿದ್ದರೆ, ಹೊಲಿಗೆ ಬಿಟ್ಟಿದ್ದರೆ ಹೊಸದು ಮಾಡಿಸಿ ತರಲು ಹೇಳಿ. ಇದಕ್ಕೆ ಸರ್ಕಾರಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಚರ್ಮೋದ್ಯಮ ನಿಗಮ ಲಿಡ್ಕರ್‌ಗೂ ಒಂದು ಮಾತು. ಅಥಣಿ, ನಿಪ್ಪಾಣಿ ಕಡೆಯ ಹುಡುಗರು ಚಪ್ಪಲಿಯಲ್ಲಿ ಹೊಟ್ಟೆ ತುಂಬುವುದಿಲ್ಲ ಅಂತ ಕಸುಬು ಬಿಡುತ್ತಿದ್ದಾರೆ. ಅಚ್ಚು ಹಾಕಿ ಒದ್ದೆ ಚರ್ಮ ಒತ್ತುವ ಕೆಲಸ ಅವರಿಗೆ ಕಲಿಸಿ. ಪೊಲೀಸರಿಗೆ, ಅರಣ್ಯ ಇಲಾಖೆಯವರಿಗೆ, ಸೆಕ್ಯುರಿಟಿಯವರಿಗೆ, ಲೈಸೆನ್ಸ್‌ದಾರರಿಗೆ ಎಲ್ಲರಿಗೂ ಕವರು ಬೇಕು. ಹೊರಗಿನಿಂದ ಬರುವ ನೈಲಾನ್ ಚೀಲದ ಬದಲು ನಮ್ಮಲ್ಲೇ ಹದ ಮಾಡಿದ ಚರ್ಮ ಹೋಗಲಿ. ಕಲಿಯಲು ಬರುವವರಿಗೆ ನನ್ನ ಅಚ್ಚುಗಳನ್ನು ಕೊಡಲು ನಾನು ಸಿದ್ಧ. ಬಡಿಗರು ಅದೇ ಅಳತೆಯಲ್ಲಿ ಇನ್ನಷ್ಟು ಮಾಡಿಕೊಡುತ್ತಾರೆ.

ಇನ್ನು ಅಳತೆ ಕೊಡಲು ಯಾವ ಚರ್ಮದ ಕೆಲಸಗಾರನ ಹತ್ತಿರ ಹೋದರೂ ಲೈಸೆನ್ಸ್ ಜೊತೆಗಿರಲಿ, ಗುಂಡು ಮನೆಯಲ್ಲೇ ಇರಲಿ. ದಿನವೂ ಹಾಕುವ ಪ್ಯಾಂಟು, ಜುಬ್ಬಾ, ಬೆಲ್ಟು ಹಾಕಿಕೊಂಡೇ ಹೋಗಿ, ಕವರಿನ ಅಳತೆ ತೆಗೆಯುವುದು ಅವುಗಳ ಮೇಲೆಯೇ.

ಇತಿ,
ಅಥಣಿಯ ಒಬ್ಬ ಚರ್ಮದ ಕೆಲಸಗಾರ
ಬೆಳಗಾವಿ ಜಿಲ್ಲೆ